ಹಚ್ಚೆಯಲ್ಲಿ ಮೊದಲು ಕೈಕೊಡುವುದು ನಡುವಿನ ನೇರಳೆ

ಮಾನ್ಯ ಸಂಪಾದಕರೇ,

ಪತ್ರಿಕೆಗಳ ಪುರವಣಿಗಳಲ್ಲಿ ಅಚ್ಚಾಗುವ ಹಚ್ಚೆಯ ಚಿತ್ರಗಳು ಹೆಚ್ಚಾಗಿ ಸೂಜಿ ಎತ್ತಿದ ಕೂಡಲೇ ತೆಗೆದವು. ಆಗ ಬಣ್ಣ ಹಸಿಯಾಗಿ ಹೊಳೆಯುತ್ತಿರುತ್ತದೆ. ಅದನ್ನು ನೋಡಿ ವಿನ್ಯಾಸ ಆರಿಸಿದವರಿಗೆ ವರ್ಷ ಕಳೆದ ಮೇಲೆ ಕೈಯಲ್ಲಿ ಉಳಿಯುವುದು ಬೇರೆಯೇ ಚಿತ್ರ. ಬೈಸೆಕ್ಷುಯಲ್ ಪ್ರೈಡ್, ಅಂದರೆ ಒಂದಕ್ಕಿಂತ ಹೆಚ್ಚು ಲಿಂಗದವರತ್ತ ಆಕರ್ಷಿತರಾಗುವವರ ಹೆಮ್ಮೆ ಸಾರುವ ಹಚ್ಚೆಗಳಲ್ಲಿ ಈ ಅಂತರ ಇನ್ನೂ ಹೆಚ್ಚು. ಸೆಪ್ಟೆಂಬರ್ 23ರ ಬೈಸೆಕ್ಷುಯಲ್ ದಿನ ಹತ್ತಿರವಾದಂತೆ ಇಂಥ ಹಚ್ಚೆ ಹಾಕಿಸಿಕೊಳ್ಳುವ ಆಲೋಚನೆ ಹಲವರಿಗೆ ಬರುತ್ತದೆ. ಅಂಥವರಿಗಾಗಿ ಈ ಕಸುಬು ಬಲ್ಲವರಾಗಿ ಕೆಲವು ಮಾತು ಬರೆಯುತ್ತಿದ್ದೇವೆ.

ಮೊದಲು ಬೈಸೆಕ್ಷುಯಲ್ ಬಾವುಟದ ಲೆಕ್ಕ. ಅಮೆರಿಕದ ಕಾರ್ಯಕರ್ತ ಮೈಕಲ್ ಪೇಜ್ 1998ರಲ್ಲಿ ರೂಪಿಸಿದ ಬಾವುಟದಲ್ಲಿ ಮೇಲೆ ಮಜೆಂತಾ (ಗಾಢ ಗುಲಾಬಿ), ನಡುವೆ ನೇರಳೆ, ಕೆಳಗೆ ಕಡುನೀಲಿ ಪಟ್ಟಿಗಳಿವೆ. ಮೂರೂ ಒಂದೇ ಅಗಲದವಲ್ಲ. ಅವುಗಳ ಅಳತೆ 2:1:2, ಅಂದರೆ ಮೇಲಿನದು ಮತ್ತು ಕೆಳಗಿನದು ತಲಾ ಶೇ 40, ನೇರಳೆಗೆ ಉಳಿಯುವುದು ಶೇ 20 ಮಾತ್ರ. ಗುಲಾಬಿಯೂ ನೀಲಿಯೂ ಕೂಡುವಲ್ಲಿ ಹುಟ್ಟುವ ಬಣ್ಣ ನೇರಳೆ. ಸಲಿಂಗಿಗಳ ನಡುವೆಯೂ ಭಿನ್ನಲಿಂಗಿಗಳ ನಡುವೆಯೂ ಗುರುತು ಸಿಗದೆ ಬೆರೆತುಹೋಗುವ ಬೈಸೆಕ್ಷುಯಲ್ ಜನರನ್ನು ಅದು ಸೂಚಿಸಬೇಕೆಂಬುದು ಪೇಜ್ ಅವರ ಎಣಿಕೆಯಾಗಿತ್ತು. ಅರ್ಥವೆಲ್ಲ ಆ ಕಿರಿದಾದ ಪಟ್ಟಿಯಲ್ಲೇ ಇದೆ. ಚರ್ಮದ ಮೇಲೆ ಮೊದಲು ಕೈಕೊಡುವುದೂ ಅದೇ. ಆದ್ದರಿಂದ ಚಿತ್ರ ಯಾವುದೇ ಇರಲಿ, ನೇರಳೆ ಉಳಿಯುತ್ತದೆಯೇ ಎಂಬುದನ್ನು ಮೊದಲು ನೋಡಿ, ಉಳಿದದ್ದನ್ನು ಆಮೇಲೆ ತೀರ್ಮಾನಿಸಿ ಎಂಬುದು ನಮ್ಮ ಸಲಹೆ.

ಗಾತ್ರದ ಮಾತಿಗೆ ಬರೋಣ. ಒಂದು ಸೆಂಟಿಮೀಟರ್ ಎತ್ತರದ ಪುಟ್ಟ ಬಾವುಟ ಬೇಕೆಂದು ಕೇಳುವವರು ಬಹಳ. ಅದರಲ್ಲಿ ನೇರಳೆಗೆ ಸಿಗುವುದು 2 ಮಿಲಿಮೀಟರ್. ಹಚ್ಚೆಯ ಮಸಿ ಚರ್ಮದ ಎರಡನೆಯ ಪದರದಲ್ಲಿ, ಸುಮಾರು 1ರಿಂದ 2 ಮಿಲಿಮೀಟರ್ ಆಳದಲ್ಲಿ ನಿಲ್ಲುತ್ತದೆ. ವರ್ಷಗಳು ಕಳೆದಂತೆ ಅದರ ಅಂಚು ಸ್ವಲ್ಪ ಸ್ವಲ್ಪವೇ ಹರಡುತ್ತದೆ. ಎರಡೂ ಕಡೆಯಿಂದ ಬಣ್ಣ ಒತ್ತಿಕೊಂಡು ಬಂದರೆ 2 ಮಿಲಿಮೀಟರ್ ಪಟ್ಟಿ ಎಲ್ಲಿ ನಿಂತೀತು? ಎತ್ತರ ಕನಿಷ್ಠ ಎರಡೂವರೆ ಸೆಂಟಿಮೀಟರ್ ಇರಲಿ. ಆಗ ಪಟ್ಟಿಗಳು 10, 5, 10 ಮಿಲಿಮೀಟರ್ ಆಗುತ್ತವೆ, ನೇರಳೆಗೆ ಉಸಿರಾಡಲು ಜಾಗ ಸಿಗುತ್ತದೆ. ಇನ್ನೂ ಚಿಕ್ಕದೇ ಬೇಕು ಎನ್ನುವವರು ಬಾವುಟದ ಆಸೆ ಬಿಟ್ಟು ಮೂರು ಬಿಡಿ ಚುಕ್ಕಿಗಳನ್ನೋ ಮೂರು ಎಸಳುಗಳನ್ನೋ ಹಾಕಿಸಿಕೊಳ್ಳುವುದು ಮೇಲು. ನಡುವೆ 2ರಿಂದ 3 ಮಿಲಿಮೀಟರ್ ಬರಿ ಚರ್ಮ ಬಿಟ್ಟರೆ ಬಣ್ಣಗಳು ಬೇಗ ಒಂದಕ್ಕೊಂದು ತಾಗುವುದಿಲ್ಲ.

ಇನ್ನು ಬಣ್ಣ. ತಪ್ಪುಗಳು ಹೆಚ್ಚಾಗುವುದು ಇಲ್ಲೇ. ಬಾವುಟದ ಬಣ್ಣಗಳಿಗೆ ಪ್ಯಾಂಟೋನ್ ಸಂಖ್ಯೆಗಳಿವೆ: 226, 258, 286. ಅವು ಮುದ್ರಣದ ಮಸಿಗೆ ಸಂಬಂಧಿಸಿದವು, ಹಚ್ಚೆಯ ಬಾಟಲಿ ಮೇಲೆ ಸಿಗುವುದಿಲ್ಲ. ಫೋನಿನ ಪರದೆಯನ್ನು ತೋರಿಸಿ ‘ಇದೇ ಬಣ್ಣ ಬೇಕು’ ಎಂದರೂ ಪ್ರಯೋಜನವಿಲ್ಲ, ಪರದೆಗೆ ಹಿಂದಿನಿಂದ ಬೆಳಕಿದೆ, ಚರ್ಮಕ್ಕಿಲ್ಲ. ಮಸಿಯ ಮೇಲೆ, ಮೈಗೆ ಬಣ್ಣ ಕೊಡುವ ಮೆಲನಿನ್ ಇರುವ ಹೊರಪದರ ಇರುವುದರಿಂದ ಹಚ್ಚೆಯನ್ನು ನಾವು ನೋಡುವುದು ಕಂದು ಗಾಜಿನ ಮೂಲಕ ನೋಡಿದ ಹಾಗೆ. ಮೈಬಣ್ಣ ಗಾಢವಾದಷ್ಟೂ ಆ ಗಾಜು ದಪ್ಪ. ತೆಳು ಗುಲಾಬಿ ಅಲ್ಲಿ ಮಾಸಲಾಗುತ್ತದೆ, ಬಿಳಿ ಬೆರೆಸಿದ ತಿಳಿನೇರಳೆ ಬೂದಿ ಬಣ್ಣಕ್ಕೆ ತಿರುಗುತ್ತದೆ, ಕಡುನೀಲಿ ಕಪ್ಪಿಗೆ ಹತ್ತಿರವಾಗುತ್ತದೆ. ನೇರಳೆಯನ್ನೂ ಗಾಢವಾಗಿಯೇ ತೆಗೆದುಕೊಂಡರೆ ನೀಲಿಯಿಂದ ಬೇರೆಮಾಡಿ ನೋಡಲಾಗದು. ಬಾವುಟದಲ್ಲಿ ಮೂರು ಬಣ್ಣ ಇದ್ದದ್ದು ಮೈಮೇಲೆ ಎರಡಾಗುತ್ತದೆ.

ಇದನ್ನು ಮೊದಲೇ ಕಂಡುಕೊಳ್ಳಲು ಒಂದು ಸುಲಭ ಉಪಾಯವಿದೆ. ವಿನ್ಯಾಸದ ಫೋಟೊ ತೆಗೆದು ಅದನ್ನು ಕಪ್ಪು-ಬಿಳುಪಿಗೆ ತಿರುಗಿಸಿ. ಮೂಲ ಬಾವುಟದಲ್ಲಾದರೆ ನೀಲಿ ಎಲ್ಲಕ್ಕಿಂತ ಗಾಢವಾಗಿ, ಮಜೆಂತಾ ಅದಕ್ಕಿಂತ ತುಸು ತಿಳಿಯಾಗಿ, ನೇರಳೆ ಎಲ್ಲಕ್ಕಿಂತ ತಿಳಿಯಾಗಿ ಕಾಣುತ್ತದೆ. ನಿಮ್ಮ ವಿನ್ಯಾಸದಲ್ಲೂ ಈ ಅಂತರ ಉಳಿಯಬೇಕು. ಮೂರೂ ಒಂದೇ ಬೂದಿಯಾಗಿ ಕಂಡರೆ ಅದನ್ನು ಸೂಜಿಗೆ ಕೊಡಬೇಡಿ. ಗಾಢ ಮೈಬಣ್ಣದವರು ಕೆಂಪಿನ ಕಡೆಗೆ ವಾಲಿದ, ಬಿಳಿ ಬೆರೆಸದ ನೇರಳೆಯನ್ನು ಆರಿಸಬೇಕು. ನೀಲಿಯನ್ನು ಒಂದು ಮೆಟ್ಟಿಲು ತಿಳಿ ಮಾಡಿಕೊಂಡರೂ ನಡೆಯುತ್ತದೆ. ಬಾವುಟದ ನೀಲಿಗೆ ತಕ್ಕಂತೆ ಇಲ್ಲ ಎಂದು ಯಾರಾದರೂ ಗೊಣಗಿದರೆ ಗೊಣಗಲಿ, ದೂರದಿಂದ ಮೂರು ಬಣ್ಣ ಕಾಣುವುದು ಮುಖ್ಯ. ಬಣ್ಣದ ಬಗ್ಗೆ ಅನುಮಾನವಿದ್ದರೆ ಬಟ್ಟೆಯೊಳಗೆ ಮರೆಯಾಗುವ ಕಡೆ 4ರಿಂದ 5 ಮಿಲಿಮೀಟರ್ ಅಗಲದ ಮೂರು ಚುಕ್ಕಿ ಹಾಕಿಸಿಕೊಂಡು ಆರು ವಾರ ಕಾಯಿರಿ. ಗಾಯ ಮಾಗಿದ ಮೇಲೆ ಕಾಣುವುದೇ ನಿಜವಾದ ಬಣ್ಣ. ಕೆಂಪು ಮತ್ತು ಮಜೆಂತಾ ಮಸಿಗೆ ಅಲರ್ಜಿ ಆಗುವುದು ಉಳಿದ ಬಣ್ಣಗಳಿಗಿಂತ ಹೆಚ್ಚು. ಅದೂ ಈ ಚುಕ್ಕಿಯಲ್ಲಿ ಕಾಣಿಸಿಕೊಳ್ಳಬಹುದು. ಆದರೆ ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ತುರಿಕೆ, ಗಂಟು ಏಳುವುದೂ ಉಂಟು. ಆದ್ದರಿಂದ ಚುಕ್ಕಿ ಸುಮ್ಮನಿತ್ತು ಎಂದಮಾತ್ರಕ್ಕೆ ಪೂರ್ತಿ ನಿಶ್ಚಿಂತೆ ಬೇಡ.

ನೇರಳೆಯನ್ನು ಗುಲಾಬಿಯ ಮೇಲೆ ನೀಲಿ ಹಾಕಿ ಹುಟ್ಟಿಸುತ್ತೇನೆ ಎನ್ನುವ ಕಲಾವಿದರಿದ್ದಾರೆ. ಕಾಗದದ ಮೇಲೆ ಸರಿ. ಚರ್ಮದಲ್ಲಿ ಒಂದೇ ಜಾಗಕ್ಕೆ ಮತ್ತೆ ಮತ್ತೆ ಸೂಜಿ ಬಿದ್ದರೆ ಬಣ್ಣ ಕೆಸರಾಗುತ್ತದೆ, ಚರ್ಮ ಹರಿದು ಕಲೆ ಉಳಿಯುತ್ತದೆ, ಕೆಲವರ ಮೈಗೆ ಕೀಲಾಯ್ಡ್ ಗಂಟೂ (ಗಾಯದ ಕಲೆ ಉಬ್ಬಿ ಬೆಳೆದದ್ದು) ಏಳುತ್ತದೆ. ನೇರಳೆಗೆ ಬೇರೆಯೇ ಬಾಟಲಿ, ಬೇರೆಯೇ ಮಸಿಬಟ್ಟಲು ಇರಬೇಕು. ನೀಲಿ ಮುಗಿಸಿ ಆಮೇಲೆ ತಿಳಿ ಬಣ್ಣಗಳಿಗೆ ಬರುವುದು ಒಳ್ಳೆಯ ಕ್ರಮ. ಮೊದಲೇ ಗುಲಾಬಿ ತುಂಬಿದ ಹಸಿ ಗಾಯದ ಮೇಲೆ ನೀಲಿ ಮಸಿಯನ್ನು ಒರೆಸಿದರೆ ಕೊಳೆ ಹತ್ತುತ್ತದೆ. ಸೂಜಿಯಿರುವ ಕಾರ್ಟ್ರಿಡ್ಜ್ ಬದಲಿಸದೆ ನೀಲಿಯಿಂದ ಗುಲಾಬಿಗೆ ಹೋಗುವವರನ್ನು ಕಂಡರೆ ಅಲ್ಲೇ ತಡೆಯಿರಿ, ಸಂಕೋಚ ಬೇಡ.

ಯಾವ ಚಿತ್ರ ಎಂಬ ಪ್ರಶ್ನೆಗೆ ಉತ್ತರ ಬಾವುಟವೊಂದೇ ಅಲ್ಲ. ಬಾವುಟಕ್ಕಿಂತ ಹಳೆಯದು ಒಂದರ ಮೇಲೊಂದು ಏರಿದ ಎರಡು ತ್ರಿಕೋನಗಳ ಗುರುತು. ಗುಲಾಬಿ ಒಂದು, ನೀಲಿ ಒಂದು, ಸೇರುವಲ್ಲಿ ನೇರಳೆ. ಅಮೆರಿಕದ ಲಿಜ್ ನಾನಿಯಾ 1987ರಲ್ಲಿ ಸಲಿಂಗಿಗಳ ಹಕ್ಕಿಗಾಗಿ ನಡೆದ ವಾಷಿಂಗ್ಟನ್ ಮೆರವಣಿಗೆಗಾಗಿ ಇದನ್ನು ರಚಿಸಿದರು. ಹಚ್ಚೆಗೆ ಇದು ಅನುಕೂಲದ ಆಕಾರ: ರೇಖೆಗಳು ನೇರ, ನೇರಳೆಗೆ ತನ್ನದೇ ಪುಟ್ಟ ತ್ರಿಕೋನವಿದೆ, ಅದನ್ನು ಬೇಕಾದಷ್ಟು ದೊಡ್ಡದು ಮಾಡಬಹುದು. ಆದರೆ ಗುಲಾಬಿ ತ್ರಿಕೋನಕ್ಕೆ ಇನ್ನೊಂದು ಚರಿತ್ರೆಯೂ ಇದೆ. ನಾಜಿ ಸೆರೆಶಿಬಿರಗಳಲ್ಲಿ ಸಲಿಂಗಿ ಪುರುಷರ ಅಂಗಿಗೆ ಹೊಲಿಯುತ್ತಿದ್ದ ಗುರುತು ಅದು. ಅದನ್ನೇ ಹೆಮ್ಮೆಯ ಗುರುತಾಗಿ ತಿರುಗಿಸಿಕೊಂಡವರು ಹಲವರು, ಮೈಮೇಲೆ ಅದು ಬೇಡವೆನ್ನುವವರೂ ಇದ್ದಾರೆ. ತಿಳಿದು ಹಾಕಿಸಿಕೊಳ್ಳುವುದಕ್ಕೂ ತಿಳಿಯದೆ ಹಾಕಿಸಿಕೊಳ್ಳುವುದಕ್ಕೂ ವ್ಯತ್ಯಾಸವಿದೆ. ತ್ರಿಕೋನ ಬೇಡವೆಂದೇ ಜರ್ಮನಿಯಲ್ಲಿ 1998ರಲ್ಲಿ ವಿವಿಯನ್ ವ್ಯಾಗ್ನರ್ ಜೋಡಿ ಚಂದ್ರದ ಗುರುತನ್ನು ರೂಪಿಸಿದರು. ಎರಡು ಬಾಗು ಚಂದ್ರಗಳಲ್ಲಿ ಇದೇ ಮೂರು ಬಣ್ಣ ಹರಿದಿರುತ್ತವೆ. ನಮಗೆ ಹೆಚ್ಚು ಮೆಚ್ಚುಗೆಯಾದದ್ದು ಇದು. ಗೊತ್ತಿದ್ದವರಿಗೆ ಒಂದು ನೋಟ ಸಾಕು, ಗೊತ್ತಿಲ್ಲದವರಿಗೆ ಬರೀ ಚಂದ್ರ. ಆದರೆ ಬಾಗು ಚಂದ್ರದ ಚೂಪು ತುದಿಗಳಲ್ಲಿ ಮೂರು ಬಣ್ಣ ತುರುಕಿಸಬೇಡಿ. ತುದಿಗೆ ಒಂದೇ ಬಣ್ಣ ಬಿಟ್ಟು, ಬಣ್ಣ ಬದಲಾಗುವುದು ಹೊಟ್ಟೆಯ ಅಗಲವಾದ ಭಾಗದಲ್ಲಿರಲಿ.

ಕೆಲವು ಚಿತ್ರಗಳು ಬೇರೆ ಅರ್ಥ ಕೊಡುತ್ತವೆ, ಅದನ್ನು ಹಾಕುವವರು ಹೇಳುವುದೇ ಇಲ್ಲ. ಹೃದಯದ ಜತೆ ಹೆಣೆದ ಅನಂತದ ಚಿಹ್ನೆ ಬಹುಸಂಗಾತಿ ಸಂಬಂಧಗಳ ಗುರುತಾಗಿ ಬಳಕೆಯಲ್ಲಿದೆ. ಬೈಸೆಕ್ಷುಯಲ್ ಎಂದರೆ ಒಬ್ಬರಿಗೆ ನಿಲ್ಲದವರು ಎಂಬ ತಪ್ಪು ಕಲ್ಪನೆ ಮೊದಲೇ ಇರುವಾಗ ಆ ಗುರುತನ್ನು ಅರಿಯದೆ ಹೊತ್ತು ತಿರುಗುವುದೇಕೆ? ಯೂನಿಕಾರ್ನ್ ಎಂಬ ಪದವನ್ನು ಜೋಡಿಯೊಂದು ಮೂರನೆಯವಳಾಗಿ ಹುಡುಕುವ ಬೈಸೆಕ್ಷುಯಲ್ ಹೆಣ್ಣಿಗೆ ಬಳಸುತ್ತಾರೆ. ಗಂಡು, ಹೆಣ್ಣಿನ ಚಿಹ್ನೆಗಳನ್ನು ಒಂದೇ ವೃತ್ತಕ್ಕೆ ಬೆಸೆದರೆ ನೋಡುವವರು ಅದನ್ನು ಲಿಂಗತ್ವದ ಗುರುತೆಂದು ಓದಿಕೊಳ್ಳುತ್ತಾರೆ, ಆಕರ್ಷಣೆಯ ಗುರುತೆಂದಲ್ಲ. ಬಣ್ಣಗಳೂ ಹಾಗೆಯೇ. ನೇರಳೆಯ ಜಾಗದಲ್ಲಿ ಹಳದಿ, ನೀಲಿಯ ಜಾಗದಲ್ಲಿ ಆಕಾಶನೀಲಿ ಬಂದರೆ ಅದು ಪ್ಯಾನ್‌ಸೆಕ್ಷುಯಲ್ (ಲಿಂಗ ಯಾವುದೆಂದು ನೋಡದೆ ಆಕರ್ಷಿತರಾಗುವವರ) ಬಾವುಟ. ತಿಳಿಗುಲಾಬಿ, ತಿಳಿನೀಲಿಯ ನಡುವೆ ಬಿಳಿ ಬಂದರೆ ಟ್ರಾನ್ಸ್‌ಜೆಂಡರ್ ಬಾವುಟದ ನೆನಪು ಬರುತ್ತದೆ. ನೇರಳೆ ಮಾಸಿ ಬಿಳಿಚಿದ ಹಚ್ಚೆಗೂ ಇದೇ ಗತಿಯಾದೀತು.

ಅಕ್ಷರ ಬೇಕೆನ್ನುವವರಿಗೆ ಒಂದೇ ಎಚ್ಚರಿಕೆ. ಕನ್ನಡ ಲಿಪಿಯಲ್ಲಿ ಪ ಮತ್ತು ಫ, ದ ಮತ್ತು ಧ ಬೇರೆಯಾಗುವುದು ಸಣ್ಣ ಸೀಳಿನಿಂದ. ರೇಖೆ ಹರಡಿದರೆ ಮುಚ್ಚಿಹೋಗುವುದು ಆ ಸೀಳೇ. ಒತ್ತಕ್ಷರ ಇರುವ ಪದವಾದರೆ ಮೂಲ ಅಕ್ಷರದ ಎತ್ತರ ಒಂದು ಸೆಂಟಿಮೀಟರಿಗೆ ಕಡಿಮೆ ಬೇಡ.

ಜಾಗದ ಆಯ್ಕೆಯಲ್ಲಿ ಎರಡು ಲೆಕ್ಕಗಳಿವೆ: ಚರ್ಮದ್ದು ಒಂದು, ಯಾರಿಗೆ ಕಾಣಬೇಕೆಂಬುದು ಇನ್ನೊಂದು. ಬೆರಳು, ಅಂಗೈ, ಪಾದದ ಅಂಚಿನಲ್ಲಿ ಬಣ್ಣ ನಿಲ್ಲುವುದಿಲ್ಲ. ಮಣಿಕಟ್ಟಿನ ಒಳಭಾಗ, ಮೊಣಕೈ ಮಡಿಕೆಯಲ್ಲಿ ಚರ್ಮ ತೆಳು. ಸೂಜಿ ಕೂದಲೆಳೆಯಷ್ಟು ಹೆಚ್ಚು ಆಳಕ್ಕೆ ಹೋದರೂ ಮಸಿ ಕೆಳಗೆ ಸೋರಿ ಸುತ್ತ ನೀಲಿ ಮಬ್ಬು ಕವಿಯುತ್ತದೆ. ತೋಳಿನ ಮೇಲ್ಭಾಗ, ಬೆನ್ನಿನ ಭುಜದ ಮೂಳೆಯ ಮೇಲೆ, ತೊಡೆ, ಮೀನಖಂಡ ಒಳ್ಳೆಯ ಜಾಗಗಳು. ತೋಳಿನ ಒಳಭಾಗಕ್ಕೆ ಬಿಸಿಲು ಕಡಿಮೆ, ಗಿಡ್ಡ ತೋಳಿನ ಅಂಗಿಯಲ್ಲೂ ಮುಚ್ಚುತ್ತದೆ, ಬೇಕೆಂದಾಗ ತೋರಿಸಬಹುದು. ಮನೆಯಲ್ಲಿ ಇನ್ನೂ ಹೇಳಿಕೊಳ್ಳದವರಿಗೆ ಇದು ಸಣ್ಣ ವಿಷಯವಲ್ಲ. ಯಾರಿಗೆ ಯಾವಾಗ ಹೇಳಬೇಕೆಂಬುದನ್ನು ಹಚ್ಚೆ ತೀರ್ಮಾನಿಸಬಾರದು.

ತೋಳಿನ ಸುತ್ತ ಮೂರು ಬಣ್ಣದ ಬಳೆಯಂತೆ ಹಾಕಿಸುವವರು ಅಚ್ಚಿನ ಕಾಗದ ಅಂಟಿಸುವಾಗ ಕೈಯನ್ನು ಸಹಜವಾಗಿ ಇಳಿಬಿಟ್ಟು ನಿಂತಿರಬೇಕು. ಕೈ ತಿರುಗಿಸಿ ಮೇಜಿನ ಮೇಲಿಟ್ಟರೆ ಚರ್ಮವೂ ತಿರುಚಿಕೊಳ್ಳುತ್ತದೆ, ಪಟ್ಟಿಯ ಎರಡು ತುದಿಗಳು ಕೂಡುವಲ್ಲಿ ಮೆಟ್ಟಿಲು ಬೀಳುತ್ತದೆ. ನಿಂತಾಗ ಎದುರಿನವರಿಗೆ ಮಜೆಂತಾ ಮೇಲೆ ಕಾಣಬೇಕು. ಮಲಗಿಸಿದ ಕೈಯಲ್ಲಿ ತನಗೆ ನೇರ ಕಂಡಂತೆ ಅಂಟಿಸಿ ಬಾವುಟವನ್ನು ತಲೆಕೆಳಗಾಗಿಸುವುದು ಬಹಳ ಸಾಮಾನ್ಯ ತಪ್ಪು. ಅಂಟಿಸಿದ ಮೇಲೆ ಎದ್ದು ನಿಂತು ಕನ್ನಡಿಯಲ್ಲಿ ನೋಡಿ, ಓರೆಯಾಗಿದ್ದರೆ ಒರೆಸಿ ಮತ್ತೆ ಅಂಟಿಸಲು ಹೇಳಿ.

ಶುಚಿತ್ವದ ಮಾತು ಎಲ್ಲ ಹಚ್ಚೆಗೂ ಒಂದೇ: ಕಣ್ಣೆದುರೇ ಬಿಚ್ಚಿದ ಹೊಸ ಸೂಜಿ, ಒಬ್ಬರಿಗೆ ಬಳಸಿದ್ದನ್ನು ಇನ್ನೊಬ್ಬರಿಗೆ ಬಳಸದ ಮಸಿಬಟ್ಟಲು, ಮಸಿ ತೆಳು ಮಾಡಲು ನಲ್ಲಿ ನೀರಲ್ಲದೆ ಸ್ಟೆರೈಲ್ ನೀರು. ಬಾಟಲಿಯ ಮೇಲಿನ ಪಟ್ಟಿಯನ್ನೂ ಓದಿ. ಐರೋಪ್ಯ ಒಕ್ಕೂಟ 2022ರ ಜನವರಿಯಿಂದ ಹಚ್ಚೆ ಮಸಿಯ ಸಾವಿರಾರು ರಾಸಾಯನಿಕಗಳಿಗೆ ಮಿತಿ ಹಾಕಿತು. ಹಚ್ಚೆಗಳಲ್ಲಿ ಹೆಚ್ಚು ಬಳಕೆಯಲ್ಲಿದ್ದ ‘ಪಿಗ್ಮೆಂಟ್ ಬ್ಲೂ 15:3’ ಎಂಬ ನೀಲಿಯೂ 2023ರ ಜನವರಿಯಿಂದ ಅಲ್ಲಿ ನಿಷಿದ್ಧ. ಬಾವುಟದ ಐದರಲ್ಲಿ ಎರಡು ಪಾಲು ನೀಲಿಯೇ ಆಗಿರುವಾಗ ಇದನ್ನು ಕೇಳಿ ತಿಳಿಯುವುದು ಅತಿಯೇನಲ್ಲ.

ಮೇಲಿನ ಚರ್ಮ ಎರಡರಿಂದ ನಾಲ್ಕು ವಾರದಲ್ಲಿ ಮಾಗುತ್ತದೆ. ಅಷ್ಟು ದಿನ ಈಜು ಬೇಡ, ಬಿಸಿಲು ಬೇಡ, ಹಕ್ಕಳೆ ಕೀಳುವುದು ಬೇಡ. ಹಕ್ಕಳೆ ಕಿತ್ತ ಕಡೆ ಬಣ್ಣವೂ ಕಿತ್ತುಬರುತ್ತದೆ. ಆಮೇಲೆ ಹಚ್ಚೆ ಬಟ್ಟೆಯ ಹೊರಗಿರುವ ದಿನಗಳಲ್ಲಿ ಎಸ್‌ಪಿಎಫ್ 30 ಅಥವಾ ಹೆಚ್ಚಿನ ಸನ್‌ಸ್ಕ್ರೀನ್ ಹಚ್ಚಬೇಕು. ಬಿಸಿಲಿಗೆ ಗುಲಾಬಿ, ನೇರಳೆ ನೀಲಿಗಿಂತ ಮೊದಲು ಮಾಸುತ್ತವೆ.

‘ಇಷ್ಟವಾಗದಿದ್ದರೆ ಲೇಸರ್‌ನಲ್ಲಿ ತೆಗೆಸಿದರಾಯಿತು’ ಎಂಬ ಧೈರ್ಯದ ಮೇಲೆ ಬಿಳಿ ಬೆರೆತ ತಿಳಿನೇರಳೆಯನ್ನೋ ತಿಳಿಗುಲಾಬಿಯನ್ನೋ ಆರಿಸಬೇಡಿ. ಅಂಥ ಮಸಿಯಲ್ಲಿ ಟೈಟಾನಿಯಂ ಡೈಆಕ್ಸೈಡ್ ಇರುತ್ತದೆ, ಲೇಸರ್ ಬಿದ್ದೊಡನೆ ಅದು ಮಾಯವಾಗುವ ಬದಲು ಬೂದಿಗೋ ಕಪ್ಪಿಗೋ ತಿರುಗಬಹುದು. ನೇರಳೆ ಮಾಸಿತೆಂದು ಅನಿಸಿದರೆ ತೆಗೆಸುವುದಕ್ಕಿಂತ ಮತ್ತೊಮ್ಮೆ ಬಣ್ಣ ತುಂಬಿಸುವುದು ಸುಲಭ. ಆದರೆ ಮೊದಲ ಸಲದ ಗಾಯ ಒಳಗಿನಿಂದ ಮಾಗಲು ಎರಡು ಮೂರು ತಿಂಗಳಾದರೂ ಬಿಟ್ಟು, ನೇರಳೆಗಷ್ಟೇ ಸೂಜಿ ಹಾಕಿಸಿ. ಅಕ್ಕಪಕ್ಕದ ಗುಲಾಬಿ, ನೀಲಿ ಚೆನ್ನಾಗಿದ್ದರೆ ಅವನ್ನು ಮುಟ್ಟಿಸಬೇಡಿ.

ಪತ್ರಿಕೆಗಳಲ್ಲಿ ನಮ್ಮದೊಂದು ಕೋರಿಕೆ: ಇನ್ನು ಮುಂದೆ ಹಚ್ಚೆಯ ಚಿತ್ರ ಅಚ್ಚು ಹಾಕುವಾಗ ಕನಿಷ್ಠ ಒಂದು ವರ್ಷ ಹಳೆಯದನ್ನು, ಬೇರೆ ಬೇರೆ ಮೈಬಣ್ಣದವರದ್ದನ್ನು, ಹಾಕಿಸಿ ಎಷ್ಟು ಕಾಲವಾಯಿತೆಂಬ ವಿವರದೊಂದಿಗೆ ಪ್ರಕಟಿಸಿ.

ಇತಿ,
ಹಚ್ಚೆ ಹಾಕುವ ಕಸುಬಿನವರು