ಸ್ಕೂಟರಿಗಿಂತ ಮೊದಲು ಹೊರಡಬೇಕಾದ ಕಾಗದಗಳು

ಚಿರಂಜೀವಿ ಮಗಳಿಗೆ ಅಪ್ಪನ ಆಶೀರ್ವಾದಗಳು.

ಸ್ಕೂಟರನ್ನು ಈ ವಾರವೇ ರೈಲಿಗೆ ಹಾಕಿ ಪುಣೆಗೆ ಕಳುಹಿಸಬೇಕೆಂದು ನೀನು ನಿನ್ನೆ ಫೋನಿನಲ್ಲಿ ಹೇಳಿದೆ. ಕಳುಹಿಸುತ್ತೇನೆ, ಆದರೆ ಈ ವಾರವಲ್ಲ. ಕಾರಣವನ್ನು ಬಾಯಿಮಾತಿನಲ್ಲಿ ಹೇಳಿದರೆ ನೀನು "ಆಯ್ತಪ್ಪ" ಎಂದು ಅಲ್ಲಿಗೇ ಮರೆತುಬಿಡುತ್ತೀಯೆ ಎಂಬುದು ನನಗೆ ಗೊತ್ತಿರುವುದರಿಂದ ಬರೆದೇ ತಿಳಿಸುತ್ತಿದ್ದೇನೆ.

ಮೊದಲು ಆಗಬೇಕಾದದ್ದು ಮನೆಯ ಕರಾರು, ಏಕೆಂದರೆ ಆಧಾರ್‌ನಿಂದ ಹಿಡಿದು ಆರ್‌ಟಿಒವರೆಗೆ ಎಲ್ಲರೂ ಕೇಳುವ ವಿಳಾಸದ ಪುರಾವೆ ಅದರಿಂದಲೇ ಹುಟ್ಟಬೇಕು. ಮನೆ ಮಾಲೀಕರು ಛಾಪಾ ಕಾಗದದ ಮೇಲೆ ನೋಟರಿ ಸಹಿ ಇದ್ದರೆ ಸಾಕು ಎನ್ನುತ್ತಿದ್ದಾರೆಂದು ಹೇಳಿದೆಯಲ್ಲ, ಅದಕ್ಕೆ ಒಪ್ಪಬೇಡ. 1908ರ ನೋಂದಣಿ ಕಾಯ್ದೆ ಒಂದು ವರ್ಷ ಮೀರಿದ ಬಾಡಿಗೆ ಕರಾರಿಗೆ ಮಾತ್ರ ನೋಂದಣಿಯನ್ನು ಕಡ್ಡಾಯ ಮಾಡುವುದರಿಂದ ನಮ್ಮಲ್ಲಿ ಎಲ್ಲರೂ ಹನ್ನೊಂದು ತಿಂಗಳಿಗೆ ಬರೆದುಕೊಂಡು ಜಾಣರಾಗುತ್ತಾರೆ. ಆ ಜಾಣತನ ಮಹಾರಾಷ್ಟ್ರದಲ್ಲಿ ನಡೆಯುವುದಿಲ್ಲ. ಅಲ್ಲಿನ 1999ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೆಯ ಸೆಕ್ಷನ್ ಪ್ರಕಾರ ಕರಾರು ಎಷ್ಟೇ ತಿಂಗಳಿನದಾಗಿದ್ದರೂ ನೋಂದಣಿಯಾಗಲೇಬೇಕು, ಮಾಡಿಸುವ ಹೊಣೆ ಮಾಲೀಕರದು, ಮತ್ತು ಮಾಡಿಸದೆ ಬಿಟ್ಟು ಮುಂದೆ ತಕರಾರು ಎದ್ದರೆ, ಬೇರೆ ರೀತಿ ಸಾಬೀತಾಗುವವರೆಗೆ, ಬಾಡಿಗೆದಾರರು ಹೇಳುವ ಷರತ್ತುಗಳನ್ನೇ ಕಾನೂನು ನಿಜವೆಂದು ಎಣಿಸುತ್ತದೆ. ಇದನ್ನು ಅವರಿಗೆ ನಯವಾಗಿಯೇ ಹೇಳು. ಲೀವ್ ಆ್ಯಂಡ್ ಲೈಸೆನ್ಸ್ ಕರಾರನ್ನು, ಅಂದರೆ ಮನೆ ಬಾಡಿಗೆಗೆ ಅಲ್ಲಿ ಸಾಮಾನ್ಯವಾಗಿ ಬರೆಯುವ ಕರಾರನ್ನು, ಆಧಾರ್ ಬೆರಳಚ್ಚು ಕೊಟ್ಟು ಆನ್‌ಲೈನಿನಲ್ಲೇ ನೋಂದಾಯಿಸುವ ವ್ಯವಸ್ಥೆ ಅಲ್ಲಿರುವುದರಿಂದ ಕಚೇರಿಗೆ ಅಲೆಯಬೇಕಲ್ಲ ಎಂಬ ನೆಪವೂ ಅವರಿಗೆ ಉಳಿಯುವುದಿಲ್ಲ.

ಕರಾರಿನಲ್ಲಿ ನಿನ್ನ ಹೆಸರು ಹೇಗೆ ಅಚ್ಚಾಗುತ್ತದೆ ಎಂಬುದನ್ನು ಸಹಿ ಹಾಕುವ ಮುನ್ನ ಅಕ್ಷರ ಅಕ್ಷರವಾಗಿ ನೋಡು. ನಮ್ಮ ಕಡೆಯ ಹೆಸರಿಗೆ ಮುಂದೊಂದು ಇನಿಶಿಯಲ್ ಇರುತ್ತದೆ. ಅಲ್ಲಿನ ಅರ್ಜಿಗಳಲ್ಲಿ ನಿನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂದು ಮೂರು ಖಾನೆಗಳಿರುತ್ತವೆ. ಅಡ್ಡಹೆಸರೇ ಇಲ್ಲದ ನಿನಗೆ ಬರೆದುಕೊಳ್ಳುವವರು ಒಂದು ಕಡೆ ನನ್ನ ಹೆಸರನ್ನು, ಇನ್ನೊಂದು ಕಡೆ ಊರಿನ ಹೆಸರನ್ನು ಅಂಟಿಸಿ, ಆರು ತಿಂಗಳಲ್ಲಿ ನಿನ್ನನ್ನು ಮೂವರನ್ನಾಗಿ ಮಾಡಿಬಿಡುತ್ತಾರೆ. ಪ್ಯಾನ್ ಕಾರ್ಡಿನಲ್ಲಿ ಇನಿಶಿಯಲ್‌ಗೆ ಅವಕಾಶವಿಲ್ಲದ್ದರಿಂದ ಅದರಲ್ಲಿ ಹೆಸರು ಪೂರ್ತಿ ಬಿಡಿಸಿಕೊಂಡಿದೆ. ಆಧಾರ್‌ನಲ್ಲಿಯೂ ಹಾಗೆಯೇ ಇದೆಯೇ ನೋಡಿಕೊಂಡು, ಇನ್ನು ಮುಂದೆ ಎಲ್ಲೆಡೆ ಅದೊಂದನ್ನೇ ಬರೆಸು.

ಈಗ ಸ್ಕೂಟರಿನ ವಿಷಯ. ಒಂದು ರಾಜ್ಯದಲ್ಲಿ ನೋಂದಣಿಯಾದ ಗಾಡಿಯನ್ನು ಇನ್ನೊಂದು ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅಲ್ಲಿನ ಹೊಸ ನಂಬರ್ ಪಡೆಯಬೇಕೆಂದು 1988ರ ಮೋಟಾರು ವಾಹನ ಕಾಯ್ದೆಯ 47ನೆಯ ಸೆಕ್ಷನ್ ಹೇಳುತ್ತದೆ. ಒಂದು ವರ್ಷವಿದೆಯಲ್ಲ ಎಂದುಕೊಳ್ಳಬೇಡ, ಏಕೆಂದರೆ ಅದಕ್ಕೆ ಬೇಕಾದ ನಿರಾಕ್ಷೇಪಣಾ ಪತ್ರವನ್ನು, ಅಂದರೆ ಎನ್‌ಒಸಿಯನ್ನು, ಕೊಡಬೇಕಾದವರು ಇಲ್ಲಿನ ಆರ್‌ಟಿಒ. ನಿನ್ನ ವಯಸ್ಸಿನಲ್ಲಿ ನಾನು ವರ್ಗವಾಗಿ ಬೇರೆ ರಾಜ್ಯಕ್ಕೆ ಹೋದಾಗ ಗಾಡಿಯನ್ನು ಮೊದಲು ಸಾಗಿಸಿ ಕಾಗದವನ್ನು ಆಮೇಲೆ ನೋಡಿಕೊಳ್ಳೋಣವೆಂದು ಹೊರಟಿದ್ದೆ. ಎನ್‌ಒಸಿಗೆಂದು ರಜೆ ಹಾಕಿ ಬಂದು ನಿಂತರೆ, ಸಾಲ ತೀರಿ ಎರಡು ವರ್ಷವಾಗಿದ್ದರೂ ಆರ್‌ಸಿ ಪುಸ್ತಕದಲ್ಲಿ ಸಾಲ ಕೊಟ್ಟವರ ಹೆಸರು ಹಾಗೆಯೇ ಕುಳಿತಿತ್ತು. ಅದನ್ನು ತೆಗೆಸಿಕೊಳ್ಳದೆ ಬಿಟ್ಟ ತಪ್ಪು ನನ್ನದೇ. ಆ ಒಂದು ಸಾಲಿಗಾಗಿ ಇನ್ನೆರಡು ಸಲ ರೈಲು ಹತ್ತಬೇಕಾಯಿತು. ನಿನ್ನ ಸ್ಕೂಟರಿನ ಸಾಲ ಕಳೆದ ವರ್ಷವೇ ತೀರಿದೆಯಾದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಇನ್ನೂ ಇದೆ. ನಿನ್ನೆ ಕನ್ನಡಕ ಹಾಕಿಕೊಂಡು ನೋಡಿದೆ. ಬ್ಯಾಂಕು ಕೊಡುವ ಸಾಲ ತೀರುವಳಿ ಪತ್ರ ಮತ್ತು ಆ ಹೆಸರನ್ನು ತೆಗೆಸಲು ಬೇಕಾದ ನಮೂನೆ 35 ನಿನ್ನ ಕಪಾಟಿನಲ್ಲಿ ಎಲ್ಲಿವೆ ಎಂದು ತಿಳಿಸು.

ಎನ್‌ಒಸಿಗೆ ಅರ್ಜಿ ನಮೂನೆ 28ರಲ್ಲಿ. ಅರ್ಜಿ ತಲುಪಿದ ಮೂವತ್ತು ದಿನಗಳಲ್ಲಿ ಅವರು ಕೊಡಬೇಕು ಇಲ್ಲವೇ ಕಾರಣ ಬರೆದು ನಿರಾಕರಿಸಬೇಕು; ಹಾಗಾಗಿ ಸ್ವೀಕೃತಿ ರಸೀತಿಯನ್ನು ಜೋಪಾನವಾಗಿ ಇಟ್ಟುಕೊಳ್ಳುತ್ತೇನೆ. ಚಾಸಿಸ್ ನಂಬರಿನ ಪೆನ್ಸಿಲ್ ಅಚ್ಚನ್ನು ಆಗಲೇ ತೆಗೆದಿದ್ದೇನೆ: ಮಣ್ಣು ಒರೆಸಿ, ತೆಳು ಕಾಗದ ಒತ್ತಿ ಹಿಡಿದು ಪೆನ್ಸಿಲ್ ಉಜ್ಜಿದಾಗ ಮೊದಲ ಎರಡು ಸಲ 3 ಯಾವುದು 8 ಯಾವುದು ತಿಳಿಯಲಿಲ್ಲ, ಮೂರನೆಯದು ಚೆನ್ನಾಗಿ ಮೂಡಿದೆ. ಪುಣೆಯಲ್ಲಿ ನೀನು ಅಲ್ಲಿನ ರಸ್ತೆ ತೆರಿಗೆ ಕಟ್ಟಿ ಹೊಸ ನಂಬರ್ ಪಡೆದ ಮೇಲೆ, ಇಲ್ಲಿ ಕಟ್ಟಿರುವ ಜೀವಾವಧಿ ತೆರಿಗೆಯಲ್ಲಿ ಉಳಿದ ವರ್ಷಗಳ ಪಾಲನ್ನು ಮರಳಿ ಕೇಳಬಹುದು. ಬೇಸರಪಟ್ಟು ಅನೇಕರು ಬಿಟ್ಟುಬಿಡುತ್ತಾರೆ. ನಾವು ಬಿಡುವುದು ಬೇಡ. ವಿಮೆಯವರಿಗೂ ಹೊಸ ನಂಬರ್ ತಿಳಿಸಲು ಮರೆಯಬೇಡ. ಚಾಲನಾ ಪರವಾನಗಿ ದೇಶದಾದ್ಯಂತ ನಡೆಯುತ್ತದೆ, ಅದಕ್ಕೆ ಅವಸರವಿಲ್ಲ.

ಬ್ಯಾಂಕಿನಲ್ಲಿ ಸದ್ಯಕ್ಕೆ ವಿದ್ಯುತ್ ಬಿಲ್ಲಿನಂಥದ್ದನ್ನು ವಿಳಾಸಕ್ಕೆ ಕೊಟ್ಟರೆ, ಹೊಸ ವಿಳಾಸವಿರುವ ಆಧಾರ್‌ನಂಥ ದಾಖಲೆಯನ್ನು ಮೂರು ತಿಂಗಳೊಳಗೆ ಒದಗಿಸಬೇಕಾಗುತ್ತದೆ. ಮತದಾರರ ಪಟ್ಟಿಯ ಸ್ಥಳ ಬದಲಾವಣೆಗೆ ನಮೂನೆ 8 ತುಂಬು. ಊರಿನ ಮತ ಇಲ್ಲಿಯೇ ಇರಲಿ ಎಂದು ನಿನ್ನ ಅಮ್ಮ ಹೇಳುತ್ತಾಳೆ, ಆದರೆ ಎರಡು ಕಡೆ ಹೆಸರಿರಲು ಕಾನೂನಿನಲ್ಲಿ ಅವಕಾಶವಿಲ್ಲ, ವಾಸ ಎಲ್ಲಿಯೋ ಮತವೂ ಅಲ್ಲಿಯೇ. ಫೆಬ್ರವರಿ ಸಂಬಳದಲ್ಲಿ ವೃತ್ತಿ ತೆರಿಗೆ 200ರ ಬದಲು 300 ರೂಪಾಯಿ ಕಡಿತವಾದರೆ ಲೆಕ್ಕ ತಪ್ಪಿತೆಂದು ಜಗಳಕ್ಕೆ ಹೋಗಬೇಡ. ವರ್ಷದ 2,500 ರೂಪಾಯಿಯನ್ನು ಸರಿದೂಗಿಸಲು ಅಲ್ಲಿ ಹಾಗೆಯೇ ಹಿಡಿಯುತ್ತಾರೆ.

ಇದರೊಂದಿಗೆ ನಮೂನೆ 28ರ ಪ್ರತಿಗಳನ್ನು ಇಟ್ಟಿದ್ದೇನೆ. ಪೆನ್ಸಿಲಿನಲ್ಲಿ ಗುರುತು ಮಾಡಿರುವ ಕಡೆಗಳಲ್ಲೆಲ್ಲ, ಆರ್‌ಸಿಯಲ್ಲಿರುವ ಸಹಿಯಂತೆಯೇ, ಈಗಿನ ನಿನ್ನ ಗೀಚು ಸಹಿಯಲ್ಲ, ಸಹಿ ಹಾಕಿ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸು. ಎನ್‌ಒಸಿ ಕೈಸೇರಿದ ಮರುದಿನವೇ ಪೆಟ್ರೋಲ್ ಪೂರ್ತಿ ಬಸಿದು ಗಾಡಿಯನ್ನು ರೈಲಿಗೆ ಹಾಕುತ್ತೇನೆ.

ಇಂತಿ,
ನಿನ್ನ ಅಪ್ಪ