ಅಮ್ಮನ ನಗು ಮೊದಲು, ಹಾಸ್ಯ ಆಮೇಲೆ

ಈ ಸಂಚಿಕೆ ತಡವಾಯಿತು. ಕಾರಣ ಹೇಳಿಬಿಡುತ್ತೇನೆ: ನಾನು ಆಟ, ಅಂದರೆ ಯಕ್ಷಗಾನ, ನೋಡುತ್ತಾ ಕೂತಿದ್ದೆ.

ಮಂಗಳೂರಿನ ಸುರತ್ಕಲ್ ಹತ್ತಿರ ನಮ್ಮ ಮನೆ. ಜನವರಿಯ ಒಂದು ಶನಿವಾರ ಅಲ್ಲಿನ ಗದ್ದೆಯಲ್ಲಿ ಕಟೀಲು ದೇವಸ್ಥಾನದ ಮೇಳದ (ಯಕ್ಷಗಾನ ತಂಡದ) ಹರಕೆ ಆಟ. ಪ್ರಸಂಗ ದೇವಿಮಹಾತ್ಮೆ. ಹರಕೆ ಹೇಳಿ ಎಷ್ಟೋ ವರ್ಷ ಕಾದ ಮೇಲೆ ಸಿಕ್ಕಿದ ದಿನ, ನನಗೆ ಮಾತ್ರ ಊರಿಗೆ ಹೋಗುವಷ್ಟು ರಜೆ ಸಿಗಲಿಲ್ಲ. ತಮ್ಮ ಯೂಟ್ಯೂಬ್ ಲೈವ್ ಮಾಡಿಸಿದ. ಅಲ್ಲಿ ರಾತ್ರಿ 11 ಗಂಟೆ, ಇಲ್ಲಿ ನ್ಯೂಜೆರ್ಸಿಯಲ್ಲಿ ಮಧ್ಯಾಹ್ನ 12.30. ಟಿವಿಯಲ್ಲಿ ರಂಗಸ್ಥಳ, ಕೈಯಲ್ಲಿ ವಾಟ್ಸಾಪ್ ಕರೆ, ಆ ಕಡೆ ಮುಂದಿನ ಸಾಲಿನಲ್ಲಿ ಅಮ್ಮ.

ಗೊತ್ತಾದದ್ದು ಹಾಸ್ಯಗಾರರು ಬಂದಾಗ. ಫೋನಿನಲ್ಲಿ ಅಮ್ಮ ಬಿದ್ದು ಬಿದ್ದು ನಗುತ್ತಿದ್ದಾರೆ, ನಮ್ಮ ಟಿವಿಯಲ್ಲಿ ಹಾಸ್ಯಗಾರರು ಇನ್ನೂ ಬಾಯಿಯೇ ಬಿಟ್ಟಿಲ್ಲ. ಎಣಿಸಿ ನೋಡಿದೆ, ಟಿವಿ ಸುಮಾರು 20 ಸೆಕೆಂಡ್ ಹಿಂದೆ. ಫೋನಿನ ಮಾತು ಹೊರಟ ಹಾಗೆಯೇ ಬಂದು ತಲುಪುತ್ತದೆ. ಲೈವ್ ವಿಡಿಯೊ ಹಾಗಲ್ಲ. ಅದನ್ನು ಕೆಲವು ಸೆಕೆಂಡುಗಳ ತುಂಡು ಮಾಡಿ ಸರ್ವರ್‌ನಿಂದ ಕಳಿಸುತ್ತಾರೆ. ನಡುವೆ ಚಿತ್ರ ನಿಲ್ಲಬಾರದು ಅಂತ ನಮ್ಮ ಟಿವಿಯೂ ಒಂದೆರಡು ತುಂಡು ಕೂಡಿಟ್ಟುಕೊಂಡೇ ತೋರಿಸುವುದು. ಲೈವ್ ಅನ್ನುವುದು ಸುಮ್ನೆ ಹೆಸರಿಗೆ, ಅಲ್ವಾ?

ಆಮೇಲೆ ಮಹಿಷಾಸುರ. ಅವನು ವೇಷ ಕಟ್ಟುವ ಚೌಕಿಯಿಂದ ನೆಟ್ಟಗೆ ರಂಗಸ್ಥಳಕ್ಕೆ ಬರುವವನಲ್ಲ. ದೂರದಿಂದ, ಜನರ ನಡುವೆ, ದೊಂದಿಯ ಬೆಂಕಿಯಲ್ಲಿ ಬೊಬ್ಬೆ ಹಾಕುತ್ತಾ ಬರುತ್ತಾನೆ. ಚಿಕ್ಕಂದಿನಲ್ಲಿ ಚಾಪೆಯಲ್ಲಿ ನಿದ್ದೆ ಹೋದ ನಾವು ಆ ಬೊಬ್ಬೆಗೆ ಎದ್ದು ಅಮ್ಮನ ಸೀರೆ ಹಿಡಿದುಕೊಳ್ಳುತ್ತಿದ್ದೆವು. ಈ ಸಲ ಇದ್ದದ್ದು ಒಂದೇ ಕ್ಯಾಮೆರಾ, ಅದರ ಮುಖ ರಂಗಸ್ಥಳದ ಕಡೆಗೆ. ಮಹಿಷ ಬಂದದ್ದು ಅದರ ಬೆನ್ನ ಹಿಂದಿನಿಂದ.

ಅವನ ರೀಲ್ ಮರುದಿನ ನಮ್ಮ ಸಂಘದ ಗುಂಪಿಗೇ ನಾಲ್ಕು ಸಲ ಬಂತು, ನಿಮಗೂ ಬಂದಿರಬೇಕು. ಬೆಂಕಿ, ಬೊಬ್ಬೆ ಎಲ್ಲ ಚೆನ್ನಾಗಿಯೇ ಇದೆ. ಆದರೂ ನನಗೆ ಆ ಅರೆಬರೆ ಲೈವೇ ಜಾಸ್ತಿ ಇಷ್ಟ. ರೀಲಿನಲ್ಲಿ ಮಹಿಷನಿಗಾಗಿ ಯಾರೂ ಕಾಯುವುದಿಲ್ಲ.

"ಬಂದ, ಬಂದ!" ಅಂತ ಫೋನಿನಲ್ಲಿ ಅಮ್ಮ ಕೂಗಿದರು. ನಮ್ಮ ಟಿವಿಯಲ್ಲಿ ಇನ್ನೂ ಹಾಡುವ ಭಾಗವತರು, ಚೆಂಡೆ, ಖಾಲಿ ರಂಗಸ್ಥಳ. ಸ್ವಲ್ಪ ಹೊತ್ತಿಗೆ ಮುಂದಿನ ಸಾಲಿನವರೆಲ್ಲ ಒಟ್ಟಿಗೆ ಹಿಂದೆ ತಿರುಗಿದರು. ಅವರ ನಡುವೆ ಅಮ್ಮ, ಕಿವಿಗೆ ಫೋನ್ ಒತ್ತಿಕೊಂಡು, ಕಣ್ಣು ಇಷ್ಟು ದೊಡ್ಡದು ಮಾಡಿ.

"ಅಜ್ಜಿ ನಮ್ಮನ್ನೇ ನೋಡ್ತಿದ್ದಾರೆ!" ಅಂತ ಮಗಳು ಟಿವಿಗೆ ಕೈ ಬೀಸಿದಳು.

"ಮಹಿಷ ಕಂಡನಾ ಮಗಾ?" ಅಂದರು ಅಮ್ಮ ಫೋನಿನಲ್ಲಿ.

ಕಂಡ ಅಮ್ಮ, ಅಂದೆ.