ಅಜ್ಜಿಯನ್ನು ಹಾಸಿಗೆಯಿಂದ ಎಬ್ಬಿಸಿ

ಕೋಪನ್‌ಹೇಗನ್
ನವೆಂಬರ್ ಕೊನೆಯ ವಾರ

ಪ್ರೀತಿಯ ಅಮ್ಮ, ಅಪ್ಪ,

ನಮಸ್ಕಾರ. ನಾನು ಕ್ಷೇಮ. ಅಮ್ಮಾ, ನಿನ್ನ ಕಾಗದ ನಿನ್ನೆ ಸಿಕ್ಕಿತು. ಓದಿದಾಗಿನಿಂದ ಅಜ್ಜಿಯದೇ ಯೋಚನೆ. ಫೋನಿನಲ್ಲಿ ಹೇಳಿದರೆ ಅಜ್ಜಿಗೆ ಅರ್ಧಂಬರ್ಧ ಕೇಳಿಸಿ ಗಾಬರಿಯಾಗುತ್ತಾಳೆ. ಅದಕ್ಕೇ ಬರೆಯುತ್ತಿದ್ದೇನೆ. ಚಿಕ್ಕಪ್ಪನಿಗೂ ಓದಲು ಕೊಡಿ.

ಬಚ್ಚಲಲ್ಲಿ ಜಾರಿ ಬಿದ್ದಳು, ಸರಿ. ಮೂಳೆ ಮುರಿದಿಲ್ಲ, ನಿಧಾನಕ್ಕೆ ಓಡಾಡಬಹುದು ಅಂತ ಡಾಕ್ಟರು ಹೇಳಿದ್ದಾರೆ ಅಂತ ನೀನೇ ಬರೆದಿದ್ದೀಯ. ಮತ್ತೆ ಇನ್ನೂ ಯಾಕೆ ಹಾಸಿಗೆ? "ವಯಸ್ಸಾಯ್ತಲ್ಲ, ಸುಮ್ನೆ ಮಲಗಿರಲಿ ಪಾಪ" ಅಂದರಂತೆ ಸುಧಾ ಅತ್ತೆ. ಅತ್ತೆಗೆ ಅಜ್ಜಿ ಮೇಲೆ ಎಷ್ಟು ಪ್ರೀತಿ ಅಂತ ನನಗೆ ಗೊತ್ತು. ಆದರೆ ಹಾಗೇ ಮಲಗಿಸಿದರೆ ಅಜ್ಜಿಯ ಕಾಲಿನ ಶಕ್ತಿಯೇ ಹೋಗುತ್ತದೆ ಅಮ್ಮಾ.

ಮಂಜುಗಡ್ಡೆಯ ಬಗ್ಗೆ ಸಂಶೋಧನೆ ಮಾಡುವವಳಿಗೆ ಇದೆಲ್ಲ ಏನು ಗೊತ್ತು ಅಂತ ಚಿಕ್ಕಪ್ಪ ಕೇಳುತ್ತಾರೆ. ನಮ್ಮ ಯೂನಿವರ್ಸಿಟಿಯಲ್ಲೇ ವಯಸ್ಸಾಗುವುದರ ಬಗ್ಗೆ ಸಂಶೋಧನೆ ಮಾಡುವ ದೊಡ್ಡ ಕೇಂದ್ರ ಇದೆ. ಅವರು 2015ರಲ್ಲಿ ಒಂದು ಪರೀಕ್ಷೆಯ ಫಲಿತಾಂಶ ಹೊರಗೆ ತಂದರು. ಹುಡುಗರು ಮತ್ತು ವಯಸ್ಸಾದ ಗಂಡಸರು, ಎರಡೂ ಗುಂಪಿನವರ ಒಂದೊಂದು ಕಾಲನ್ನು 2 ವಾರ ಅಲ್ಲಾಡದಂತೆ ಕಟ್ಟಿಹಾಕಿದರು. ಅಷ್ಟಕ್ಕೇ ಹುಡುಗರ ಕಾಲಿನ ಬಲ ಹತ್ತಿರ ಹತ್ತಿರ ಮೂರರಲ್ಲಿ ಒಂದು ಪಾಲು ಹೋಯಿತು. ವಯಸ್ಸಾದವರದ್ದು ನಾಲ್ಕರಲ್ಲಿ ಒಂದು ಪಾಲು. ಆಮೇಲೆ 6 ವಾರ ಸೈಕಲ್ ತುಳಿಸಿದರೂ ಬಲ ಪೂರ್ತಿ ವಾಪಸ್ ಬರಲಿಲ್ಲ. ವಯಸ್ಸಾದವರಲ್ಲಿ ಇರುವುದೇ ಕಡಿಮೆ, ಅದರಲ್ಲೂ ಇಷ್ಟು ಹೋದರೆ ಎದ್ದು ನಿಲ್ಲುವುದು ಹೇಗೆ?

ಹಾಗಂತ ಹೆದರಬೇಡಿ. ಹೋದದ್ದನ್ನು ವಾಪಸ್ ತರಬಹುದು. 1990ರಲ್ಲಿ ಬಾಸ್ಟನ್ನಿನ ಒಂದು ವೃದ್ಧಾಶ್ರಮದಲ್ಲಿ 86ರಿಂದ 96 ವರ್ಷದವರಿಗೆ 8 ವಾರ ಕಾಲಿನಿಂದ ಭಾರ ಎತ್ತುವ ವ್ಯಾಯಾಮ ಮಾಡಿಸಿದರು. ಅವರ ಕಾಲಿನ ಬಲ ಸರಾಸರಿ 174% ಜಾಸ್ತಿಯಾಯಿತು. ನಮ್ಮ ಅಜ್ಜಿ ಅವರೆಲ್ಲರಿಗಿಂತ ಚಿಕ್ಕವಳು, ಅಲ್ವಾ?

ಚಿಕ್ಕಪ್ಪನ ಇನ್ನೊಂದು ಮಾತು ನನಗೆ ತುಂಬಾ ಬೇಜಾರು ಮಾಡಿತು. "ಮುತ್ತಜ್ಜಿಯೂ ಇದೇ ವಯಸ್ಸಿಗೆ ಹಾಸಿಗೆ ಹಿಡಿದಳು, ನಮ್ಮ ವಂಶವೇ ಹಾಗೆ" ಅಂತ. ಡೆನ್ಮಾರ್ಕಿನಲ್ಲಿ 1954ರಿಂದ, ಹಿಂದೆ ಹುಟ್ಟಿದವರನ್ನೂ ಸೇರಿಸಿ, ಅವಳಿಗಳ ಲೆಕ್ಕ ಇಟ್ಟಿದ್ದಾರೆ. 1870ರಿಂದ 1900ರ ನಡುವೆ ಹುಟ್ಟಿದ 2,872 ಜೋಡಿಗಳ ಆಯುಸ್ಸು ಹೋಲಿಸಿ ನೋಡಿದಾಗ ವಂಶದ ಪಾಲು ಸುಮಾರು 25% ಮಾತ್ರ ಅಂತ ತಿಳಿಯಿತು. ಉಳಿದದ್ದು ಊಟ, ಓಡಾಟ, ಕಾಯಿಲೆ, ಅದೃಷ್ಟ ಎಲ್ಲ ಸೇರಿ. ಅಜ್ಜಿಯ ಎದುರಿಗೆ ವಂಶದ ಮಾತು ಇನ್ನು ಬೇಡ ಅಂತ ಚಿಕ್ಕಪ್ಪನಿಗೆ ಹೇಳಿ. ಅವಳು ಅದನ್ನು ನಂಬಿಬಿಡುತ್ತಾಳೆ.

ಇಲ್ಲಿ ಬೆಳಗ್ಗೆ ನಾನು ಬಸ್ಸಿಗೆ ನಿಂತಿರುವಾಗ ಎಂಬತ್ತರ ಹತ್ತಿರದ ಅಜ್ಜಿಯರು ಎದುರುಗಾಳಿಯಲ್ಲಿ ಸೈಕಲ್ ತುಳಿದುಕೊಂಡು ಹೋಗುತ್ತಾರೆ. ಮುಂದಿನ ಬುಟ್ಟಿಯಲ್ಲಿ ತರಕಾರಿ. ಪುಟ್ಟ ಮಕ್ಕಳನ್ನು ಈ ಚಳಿಯಲ್ಲೂ ತಳ್ಳುಗಾಡಿಯಲ್ಲಿ ಹೊರಗಡೆಯೇ ಮಲಗಿಸುತ್ತಾರೆ. ನಿನಗೆ ಓದಿಯೇ ನಡುಕ ಬಂದಿರುತ್ತದೆ. ಮಕ್ಕಳು ಮಾತ್ರ ಕೆಂಪು ಕೆನ್ನೆ ಬಿಟ್ಟುಕೊಂಡು ಹಾಯಾಗಿ ನಿದ್ದೆ ಮಾಡುತ್ತವೆ. ನಾಲ್ಕು ಗಂಟೆಗೆ ಮೊದಲೇ ಕತ್ತಲಾಗುವುದೊಂದು ನನಗಿನ್ನೂ ಒಗ್ಗಿಲ್ಲ.

ಅಪ್ಪ, ನೀವು ನನ್ನ ಕೆಲಸದ ಬಗ್ಗೆ ಕೇಳಿದ್ದಿರಿ. ನೀವು ಹತ್ತನೇ ಕ್ಲಾಸಿಗೆ ಬೋರ್ಡಿನ ಮೇಲೆ ಬರೆಯುತ್ತಿದ್ದ ಪರಮಾಣುವಿನ ಬೋರ್ ಮಾದರಿ ಇದೆಯಲ್ಲ, ಆ ನೀಲ್ಸ್ ಬೋರ್ 1921ರಲ್ಲಿ ಶುರುಮಾಡಿದ ಸಂಸ್ಥೆಯಲ್ಲೇ ನಾನಿರುವುದು. ಭೌತವಿಜ್ಞಾನಿ ಹೈಸನ್‌ಬರ್ಗ್ 1927ರಲ್ಲಿ ಅನಿಶ್ಚಿತತೆಯ ತತ್ವ ಬರೆದದ್ದೂ ಇಲ್ಲೇ. ಹಳೇ ಲೆಕ್ಚರ್ ಹಾಲಿನ ಮರದ ಬೆಂಚಿನ ಮೇಲೆ ಕೂತಾಗ ನಿಮ್ಮದೇ ನೆನಪು.

ಮಂಜುಗಡ್ಡೆಗೂ ಬೋರ್‌ಗೂ ಏನು ಸಂಬಂಧ ಅಂದಿರಲ್ಲ. ನೀರಿನಲ್ಲಿ ಮಾಮೂಲಿ ಆಕ್ಸಿಜನ್ ಜೊತೆ ಸ್ವಲ್ಪ ಭಾರದ ಆಕ್ಸಿಜನ್-18 ಕೂಡ ಇರುತ್ತದೆ. ಮೋಡ ತಣ್ಣಗಾಗುತ್ತಾ ಹೋದಂತೆ ಭಾರದ ನೀರು ಮೊದಲು ಮಳೆಯಾಗಿ ಇಳಿಯುತ್ತದೆ. ಹಾಗಾಗಿ ಚಳಿ ಜಾಸ್ತಿ ಇದ್ದ ಕಾಲದ ಹಿಮದಲ್ಲಿ ಅದು ಕಡಿಮೆ. ವಿಲ್ಲಿ ಡಾನ್ಸ್‌ಗಾರ್ಡ್ ಅನ್ನುವ ಇಲ್ಲಿನ ವಿಜ್ಞಾನಿ 1952ರ ಜೂನ್‌ನಲ್ಲಿ ಮನೆಯ ಅಂಗಳದಲ್ಲಿ ಬಿಯರ್ ಬಾಟಲಿಗೆ ಆಲಿಕೆ ಇಟ್ಟು ಮಳೆನೀರು ಹಿಡಿದೇ ಈ ಕೆಲಸ ಶುರುಮಾಡಿದರು! ಈಗ ನಾವು ಗ್ರೀನ್‌ಲ್ಯಾಂಡಿನಲ್ಲಿ ಕೊರೆದು ತೆಗೆದ ಮಂಜುಗಡ್ಡೆಯ ಕೋಲನ್ನು ಬಿಸಿ ತಟ್ಟೆಯ ಮೇಲೆ ನಿಲ್ಲಿಸಿ ಬುಡದಿಂದ ಕರಗಿಸುತ್ತೇವೆ. ಆ ನೀರು ಸಣ್ಣ ನಳಿಗೆಯಲ್ಲಿ ಹರಿದು, ಆವಿಯಾಗಿ ಲೇಸರ್ ಯಂತ್ರಕ್ಕೆ ಹೋಗುತ್ತದೆ. ಅಣುವಿಗೆ ಇಂತಿಷ್ಟೇ ಶಕ್ತಿಯ ಮೆಟ್ಟಿಲು ಅಂತ ನೀವು ಹೇಳಿಕೊಟ್ಟಿದ್ದಿರಿ. ಭಾರದ ನೀರಿನ ಮೆಟ್ಟಿಲು ಚೂರು ಬೇರೆ, ಅದು ನುಂಗುವ ಬೆಳಕೂ ಬೇರೆ. ಎಷ್ಟು ಬೆಳಕು ನುಂಗಿತು ಅಂತ ನೋಡಿದರೆ ಎಷ್ಟು ಭಾರದ ನೀರಿದೆ ಅಂತ ಗೊತ್ತಾಗುತ್ತದೆ. ಈ ಮೆಟ್ಟಿಲುಗಳ ಕ್ವಾಂಟಂ ವಿಜ್ಞಾನ ಇಲ್ಲದೆ ಈ ಹಿಮವನ್ನು ಓದಲು ಆಗುವುದೇ ಇಲ್ಲ.

ಕರಗುವಾಗ ಒಳಗಿನ ಗಾಳಿಗುಳ್ಳೆಗಳು ಚಟಪಟ ಅನ್ನುತ್ತವೆ. ಸಾವಿರಾರು ವರ್ಷದ ಹಿಂದಿನ ಗಾಳಿ ಅಪ್ಪ ಅದು! ಗ್ರೀನ್‌ಲ್ಯಾಂಡಿನಲ್ಲಿ 3,085 ಮೀಟರ್ ಆಳದವರೆಗೆ ಕೊರೆದ ಜಾಗವೊಂದಿದೆ. ಅದರಲ್ಲಿ 1,492 ಮೀಟರ್ ಹತ್ತಿರ ಹಿಮಯುಗ ಮುಗಿದ ಗುರುತು ಸಿಗುತ್ತದೆ, 11,700 ವರ್ಷ ಹಿಂದಿನದು. ಅಲ್ಲಿಂದ ಶುರುವಾಗಿ ನಾವೀಗ ಇರುವ ಯುಗದ ಕೊನೇ ಭಾಗಕ್ಕೆ ನಮ್ಮ ಮೇಘಾಲಯದ ಹೆಸರೇ ಇಟ್ಟಿದ್ದಾರೆ. ಅಲ್ಲಿನ ಮಾಮ್ಲು ಗುಹೆಯ ಕಲ್ಲು ಅದಕ್ಕೆ ಸಾಕ್ಷಿ. ನಾನು ಇಲ್ಲಿ ಎಲ್ಲರಿಗೂ ಇದನ್ನು ಹೇಳುತ್ತೇನೆ.

ಅಮ್ಮಾ, ಮಂಜುಗಡ್ಡೆ ಇಡುವ ಕೋಣೆ ಮೈನಸ್ 30 ಡಿಗ್ರಿ ನಿಜ. ಆದರೆ ದಪ್ಪ ಸೂಟು, ಬೂಟು, ಎರಡು ಕೈಗವಸು ಹಾಕಿಕೊಂಡೇ ಹೋಗುವುದು. ಆಗಾಗ ಹೊರಗೆ ಬಂದು ಬಿಸಿ ಕಾಫಿ ಕುಡಿಯುತ್ತೇವೆ. ಒಬ್ಬರನ್ನೇ ಬಿಡುವುದಿಲ್ಲ. ನೆಗಡಿ ಕೂಡ ಬಂದಿಲ್ಲ. ಸರಿಯಾಗಿ ಊಟ ಮಾಡುತ್ತಿದ್ದೇನೆ, ತೂಕವೂ ಜಾಸ್ತಿಯಾಗಿದೆ. ನನ್ನ ಚಿಂತೆ ಬೇಡವೇ ಬೇಡ.

ಈಗ ಅಜ್ಜಿಗೆ ಮಾಡಬೇಕಾದದ್ದು. ಡಾಕ್ಟರನ್ನು ಇನ್ನೊಮ್ಮೆ ಕೇಳಿ ಫಿಸಿಯೋಥೆರಪಿಯವರನ್ನು ಮನೆಗೇ ಕರೆಸಿ. ಅವರು ಒಪ್ಪಿದರೆ ಕೈ ಇರುವ ಕುರ್ಚಿಯನ್ನು ಗೋಡೆಗೆ ಒತ್ತಿ ಇಟ್ಟು, ನಮ್ಮ ಮಂಜು ಪಕ್ಕದಲ್ಲಿ ನಿಂತಿದ್ದು, ಅಜ್ಜಿ ಎದ್ದು ಕೂರುವುದನ್ನು ಅಭ್ಯಾಸ ಮಾಡಲಿ. ಊಟಕ್ಕೆ ಹಾಸಿಗೆಯ ಹತ್ತಿರ ತಟ್ಟೆ ಕೊಡಬೇಡಿ, ಅಡುಗೆಮನೆಗೆ ನಡೆದು ಬರಲಿ. ರಾತ್ರಿ ಬರೀ ಗಂಜಿ ಸಾಲದು. ಹೆಸರುಬೇಳೆ, ಮೊಸರು ಸೇರಿಸಿ. ಬಚ್ಚಲಿನ ಪಾಚಿ ತಿಕ್ಕಿಸಿ, ಗೋಡೆಗೆ ಹಿಡಿಕೆ ಹಾಕಿಸಿ. ದುಡ್ಡು ಈ ವಾರವೇ ಕಳಿಸುತ್ತೇನೆ. ಅಡಿಕೆ ದುಡ್ಡು ಬರಲಿ ಅಂತ ಕಾಯಬೇಡಿ ಅಪ್ಪ. ನನ್ನ ಹತ್ತಿರ ಇದೆ, ನಿಜವಾಗಲೂ ಇದೆ.

ಸಾಗರ ಊರಿನ ಮದುವೆ ಸಂಬಂಧದ ಮಾತು ಅಜ್ಜಿ ಎದ್ದು ಓಡಾಡಿದ ಮೇಲೆ.

ಲ್ಯಾಬಿಗೆ ಹೊತ್ತಾಯಿತು, ಬಸ್ ಬರುತ್ತದೆ. ಭಾನುವಾರ ಫೋನ್ ಮಾಡುತ್ತೇನೆ. ಅಜ್ಜಿ ಜಗಲಿಗೆ ಬಂದು ಕೂತೇ ಮಾತಾಡಬೇಕು ಅಂತ ಹೇಳಿ. ಎಲ್ಲರಿಗೂ ಕೇಳಿದೆ ಅಂತ ತಿಳಿಸಿ.

ಇತಿ ನಿಮ್ಮ,
ರಶ್ಮಿ